ಕಾರು ಹೊರಡದಿದ್ದರೆ ದೋಷವೆಲ್ಲಿ?

ಹಳೆಯ ಮೋಟಾರು ಕಾರೊಂದು ಬೆಳಗಿನ ಹೊತ್ತು ಹೊರಡಲೊಲ್ಲದೆ ನಿಂತಿತೆಂದರೆ ಸುತ್ತ ನೆರೆದವರ ಬಾಯಲ್ಲಿ ಬರುವ ಮಾತು ಸಾಮಾನ್ಯವಾಗಿ ಒಂದೇ: “ಬ್ಯಾಟರಿ ಹೋಗಿದೆ.” ಸಾವಿರಾರು ರೂಪಾಯಿ ತೆತ್ತು ಹೊಸ ಬ್ಯಾಟರಿಯನ್ನು ತಂದಿಟ್ಟ ಮೇಲೆಯೂ ಕಾರು ಅಲುಗದಿರುವುದುಂಟು. ಎಷ್ಟೋ ವೇಳೆ ಕೊನೆಗೆ ಸಿಕ್ಕುವ ಅಪರಾಧಿಯೆಂದರೆ ಕಿಲುಬು ಹಿಡಿದ ಒಂದು ಜೋಡಣೆ. ಅದನ್ನು ಉಜ್ಜಿ ಶುಚಿಗೊಳಿಸಲು ಕಾಸಿನ ಖರ್ಚೂ ಇರಲಿಲ್ಲ! ಹೀಗೇಕಾಗುತ್ತದೆ? ಇದಕ್ಕೆ ಉತ್ತರವು ಪ್ರೌಢಶಾಲೆಯ ಭೌತವಿಜ್ಞಾನದಲ್ಲಿಯೇ ಇದೆ.

ನಮ್ಮ ದೇಶದಲ್ಲಿ ಬಹುಕಾಲ ಓಡಿದ ಅಂಬಾಸಡರ್ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ಕಾರಿನ ಉತ್ಪಾದನೆ 2014ರಲ್ಲಿ ನಿಂತಿತು. ಆದರೂ ಪ್ರೀತಿಯಿಂದ ಕಾಪಾಡಿಕೊಂಡವರ ಮನೆಗಳಲ್ಲಿ ಅದು ಇಂದಿಗೂ ಇದೆ. ಈಗಿನ ಕಾರುಗಳಲ್ಲಿ ಗಣಕಯಂತ್ರವು ನಡೆಸುವ ಕೆಲಸಗಳು ಹಳೆಯ ಪೆಟ್ರೋಲ್ ಅಂಬಾಸಡರಿನಲ್ಲಿ ಕಣ್ಣಿಗೆ ಕಾಣುವ ತಂತಿ, ಸುರುಳಿ, ಸ್ವಿಚ್ಚುಗಳಿಂದಲೇ ನಡೆಯುತ್ತವೆ. ಆದ್ದರಿಂದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ದೊರೆಯದು.

ಸ್ವಲ್ಪ ರೋಧ, ದೊಡ್ಡ ನಷ್ಟ

ಕಾರಿನ ಬ್ಯಾಟರಿಯಲ್ಲಿ ಆರು ಕೋಶಗಳಿವೆ. ಒಂದೊಂದರ ವಿಭವ ಸುಮಾರು 2.1 ವೋಲ್ಟ್, ಪೂರ್ತಿ ತುಂಬಿದ ಬ್ಯಾಟರಿಯದು ಸುಮಾರು 12.6 ವೋಲ್ಟ್. ಇದರಿಂದ ಹೊರಟ ಪ್ರವಾಹವು ತಂತಿಯ ಮೂಲಕ ಉಪಕರಣವನ್ನು ಸೇರಿ, ಕಾರಿನ ಉಕ್ಕಿನ ಒಡಲಿನ ಮೂಲಕವೇ ಹಿಂದಿರುಗುತ್ತದೆ. ಈ ಹಿಂದಿರುಗುವ ಹಾದಿಯನ್ನೇ ಮೆಕ್ಯಾನಿಕರು ‘ಅರ್ತ್’ ಎನ್ನುತ್ತಾರೆ.

ಎರಡು ಹೆಡ್‌ಲೈಟುಗಳು ತಲಾ 45 ವಾಟ್‌ನವು ಎಂದಿಟ್ಟುಕೊಂಡರೆ ಅವೆರಡಕ್ಕೂ ಬೇಕಾದ ಪ್ರವಾಹ ಸುಮಾರು 7.5 ಆಂಪಿಯರ್. ಆದರೆ ಎಂಜಿನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರಿಗೆ 150 ಆಂಪಿಯರ್‌ನಷ್ಟು ಬೇಕಾಗಬಹುದು. ಈಗ ಬ್ಯಾಟರಿಯ ತುದಿಯಲ್ಲಿ ಕಿಲುಬು ಕೂಡಿ 0.05 ಓಮ್‌ನಷ್ಟು ರೋಧ ಉಂಟಾಗಿದೆಯೆಂದು ಭಾವಿಸೋಣ. ಓಮನ ನಿಯಮದಂತೆ ದೀಪಗಳ ಪ್ರವಾಹಕ್ಕೆ ಅಲ್ಲಿ ಆಗುವ ನಷ್ಟ 0.4 ವೋಲ್ಟಿಗಿಂತ ಕಡಮೆ. ದೀಪಗಳು ಚೆನ್ನಾಗಿಯೇ ಉರಿಯುತ್ತವೆ. ಆದರೆ 150 ಆಂಪಿಯರ್ ಹರಿಯಬೇಕಾದರೆ ಆ ಒಂದೇ ಜೋಡಣೆಯಲ್ಲಿ 7.5 ವೋಲ್ಟ್ ಕಳೆದುಹೋಗಬೇಕು! ಆದ್ದರಿಂದ ಅಷ್ಟು ಪ್ರವಾಹ ಹರಿಯುವುದೇ ಇಲ್ಲ. ಸ್ಟಾರ್ಟರು ನರಳುತ್ತದೆ, ಇಲ್ಲವೆ ‘ಟಕ್’ ಎಂಬ ಒಂದು ಸದ್ದಿನೊಡನೆ ಸುಮ್ಮನಾಗುತ್ತದೆ. “ದೀಪ ಉರಿಯುತ್ತದೆ, ಆದುದರಿಂದ ತಂತಿಗಳೆಲ್ಲ ಸರಿಯಾಗಿವೆ” ಎಂಬ ತರ್ಕವು ತಪ್ಪುವುದು ಇಲ್ಲಿಯೇ.

ದೀಪದ ಸಾಕ್ಷ್ಯ

ಹಾಗಾದರೆ ದೀಪದಿಂದ ಪ್ರಯೋಜನವಿಲ್ಲವೆ? ಉಂಟು. ಗೇರನ್ನು ನ್ಯೂಟ್ರಲಿನಲ್ಲಿರಿಸಿ, ಕೈ ಬ್ರೇಕನ್ನು ಎಳೆದು, ಹೆಡ್‌ಲೈಟು ಹಾಕಿ ಸ್ಟಾರ್ಟರನ್ನು ಒತ್ತಬೇಕು. ಆಗ ಮೂರರಲ್ಲೊಂದು ಸಂಗತಿ ಕಾಣುತ್ತದೆ. ದೀಪಗಳು ತೀರ ಮಂಕಾದರೆ ಬ್ಯಾಟರಿ ದುರ್ಬಲವಾಗಿರಬೇಕು, ಅದರ ತುದಿಯ ಜೋಡಣೆ ಕೆಟ್ಟಿರಬೇಕು, ಇಲ್ಲವೆ ಸ್ಟಾರ್ಟರು ಸಿಕ್ಕಿಕೊಂಡಿರಬೇಕು. ದೀಪಗಳು ಮಂಕಾಗದೆ ಸ್ಟಾರ್ಟರು ಮೌನವಾಗಿದ್ದರೆ ಪ್ರವಾಹ ಅದನ್ನು ಮುಟ್ಟುತ್ತಲೇ ಇಲ್ಲ; ಸ್ವಿಚ್ಚು, ಸೊಲೆನಾಯ್ಡ್ ಮತ್ತು ತಂತಿಗಳನ್ನು ನೋಡಬೇಕು. ಎಂಜಿನು ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ದೋಷವು ಕಿಡಿಯಲ್ಲೋ ಪೆಟ್ರೋಲಿನಲ್ಲೋ ಇದೆ.

ಮೊದಲನೆಯ ಸಂದರ್ಭದಲ್ಲಿ ಬ್ಯಾಟರಿಯೋ ಜೋಡಣೆಯೋ ಎಂದು ತೀರ್ಮಾನಿಸಲು ವೋಲ್ಟ್‌ಮಾಪಕವೊಂದು ಸಾಕು. ಸಹಾಯಕರೊಬ್ಬರು ಸ್ಟಾರ್ಟರನ್ನು ಒತ್ತುತ್ತಿರುವಾಗ ಬ್ಯಾಟರಿಯ ಎರಡು ಸೀಸದ ಕಂಬಗಳ ನಡುವೆ ಅಳೆಯಬೇಕು. ವಿಭವವು 9.5 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿಯ ಮೇಲೆ ಸಂಶಯಪಡಬಹುದು. ಇಳಿಯದಿದ್ದರೆ ಮಾಪಕದ ಒಂದು ತುದಿಯನ್ನು ಕಂಬಕ್ಕೂ ಇನ್ನೊಂದನ್ನು ಅದೇ ಕಂಬವನ್ನು ಹಿಡಿದಿರುವ ಹಿಡಿಕೆಗೂ ಮುಟ್ಟಿಸಿ ನೋಡಬೇಕು. ಅಲ್ಲಿ ಸೊನ್ನೆಯ ಸಮೀಪ ಇರಬೇಕಾದುದು ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕಿದಂತೆಯೇ.

ಇದೇ ರೀತಿ ಬ್ಯಾಟರಿಯ ಅರ್ತ್ ಕಂಬಕ್ಕೂ ಎಂಜಿನಿನ ಲೋಹಕ್ಕೂ ನಡುವೆ ಅಳೆಯುವುದನ್ನು ಮರೆಯಬಾರದು. ಎಂಜಿನು ರಬ್ಬರಿನ ಮೇಲೆ ಕುಳಿತಿರುವುದರಿಂದ ಹೆಣೆದ ತಾಮ್ರದ ಪಟ್ಟಿಯೊಂದೇ ಅದನ್ನು ಒಡಲಿಗೆ ಜೋಡಿಸುತ್ತದೆ. ಆ ಪಟ್ಟಿ ಸವೆದರೆ ಪ್ರವಾಹವು ಚೋಕಿನ ತಂತಿಯಂಥ ಅಡ್ಡಹಾದಿಯನ್ನು ಹಿಡಿದು ಅದನ್ನು ಬಿಸಿಯೇರಿಸುವುದುಂಟು.

ಕಿಡಿಯ ಶೋಧ

1831ರಲ್ಲಿ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತ ಪ್ರೇರಣೆಯ ತತ್ತ್ವವೇ ಕಿಡಿಗೆ ಮೂಲ. ಡಿಸ್ಟ್ರಿಬ್ಯೂಟರಿನೊಳಗಣ ‘ಪಾಯಿಂಟು’ಗಳು ಕೂಡಿದಾಗ ಕಾಯಿಲಿನ ದಪ್ಪ ತಂತಿಯಲ್ಲಿ ಪ್ರವಾಹ ಹರಿಯುತ್ತದೆ, ಬಿಟ್ಟೊಡನೆ ಅದು ಕಡಿದು, ಅಸಂಖ್ಯ ಸುತ್ತುಗಳ ತೆಳು ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಾಯಿಂಟುಗಳು ಬಿಡುವ ಅಂತರ ಸುಮಾರು 0.4 ಮಿಲಿಮೀಟರ್ ಮಾತ್ರ. ಅವು ಸುಟ್ಟು ಕಪ್ಪಾದರೂ, ಅಂತರ ತಪ್ಪಿದರೂ ಕಿಡಿ ಕುಂದುತ್ತದೆ.

ಇದನ್ನು ಪರೀಕ್ಷಿಸಲು 12 ವೋಲ್ಟಿನ ಚಿಕ್ಕ ಬಲ್ಬು ಸಾಕು. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತೆಳು ತಂತಿಯ ತಿರುಪಿಗೂ ಒಡಲಿಗೂ ನಡುವೆ ಅದನ್ನು ಜೋಡಿಸಿ ಎಂಜಿನನ್ನು ತಿರುಗಿಸಿದರೆ ಬಲ್ಬು ಮಿನುಗುಟ್ಟಬೇಕು. ಒಂದೇ ಸಮನೆ ಉರಿದರೆ ಪಾಯಿಂಟುಗಳು ಕೂಡುತ್ತಿಲ್ಲ. ಉರಿಯದೇ ಇದ್ದರೆ ಪ್ರವಾಹ ಅಲ್ಲಿಗೆ ಬರುತ್ತಿಲ್ಲ, ಇಲ್ಲವೆ ಪಾಯಿಂಟುಗಳು ಬಿಡುತ್ತಿಲ್ಲ. ಚೆನ್ನಾಗಿ ಮಿನುಗಿಯೂ ಕಿಡಿ ಬಾರದಿದ್ದರೆ ಕಾಯಿಲು, ಕಂಡೆನ್ಸರು, ಮುಚ್ಚಳಗಳನ್ನು ನೋಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳದೊಳಗೆ ಕೂಡುವ ತೇವವೊಂದೇ ಕಿಡಿಯನ್ನು ದಾರಿ ತಪ್ಪಿಸಬಲ್ಲದು. ಒಣ ಬಟ್ಟೆಯಿಂದ ಒರಸಿದರಾಯಿತು.

ಎಚ್ಚರಿಕೆಯ ಮಾತು

ಬ್ಯಾಟರಿಯಿಂದ ಹೊಮ್ಮುವ ಜಲಜನಕವು ಕಿಡಿ ತಾಕಿದರೆ ಸಿಡಿಯುತ್ತದೆ. ಅದರ ಆಮ್ಲವು ಕಣ್ಣಿಗೂ ಚರ್ಮಕ್ಕೂ ಅಪಾಯಕರ. ತಂತಿ ಕಳಚುವಾಗ ಅರ್ತ್ ತಂತಿಯನ್ನು ಮೊದಲು ಕಳಚಿ, ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಬೇಕು. ಉಂಗುರ, ಗಡಿಯಾರಗಳನ್ನು ತೆಗೆದಿಡಬೇಕು. ಪ್ಲಗ್ಗಿನ ದಪ್ಪ ತಂತಿಗಳನ್ನು ಎಂಜಿನು ತಿರುಗುವಾಗ ಕೈಯಿಂದ ಹಿಡಿಯಬಾರದು. ಕಿಲುಬನ್ನು ಬಿಸಿನೀರಿನಲ್ಲಿ ಕರಗಿಸಿದ ಅಡಿಗೆ ಸೋಡದಿಂದ ತೊಳೆಯಬಹುದು. ಆ ನೀರು ಕೋಶಗಳೊಳಗೆ ಇಳಿಯಬಾರದು.

ಈ ಪರೀಕ್ಷೆಗಳಲ್ಲೆಲ್ಲ ಇರುವ ಕ್ರಮ ಒಂದೇ. ಪ್ರವಾಹದ ಹಾದಿಯನ್ನು ಮನಸ್ಸಿನಲ್ಲಿ ಬರೆದುಕೊಂಡು, ನಡುವೆ ಒಂದೆಡೆ ಅಳೆದು, ದೋಷವು ಈ ಕಡೆಯೋ ಆ ಕಡೆಯೋ ಎಂದು ನಿರ್ಧರಿಸಿ, ಉಳಿದ ಭಾಗವನ್ನು ಮತ್ತೆ ಇಬ್ಭಾಗಿಸುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಬದಲಿಸಿದರೆ ಗುಣವಾದದ್ದು ಯಾವುದರಿಂದೆಂದು ತಿಳಿಯದು. ಹೀಗೆ ಹೊರಟವನಿಗೆ ಹೊಸ ಬ್ಯಾಟರಿ ಕೊಳ್ಳಬೇಕಾದ ದಿನವೂ ಬಂದೀತು; ಆದರೆ ಅಂದು ಅವನು ಅಳೆದು ನೋಡಿಯೇ ಕೊಳ್ಳುತ್ತಾನೆ.