ಠಣ್ ಅನ್ನೋ ಲೋಹ, ದಪ್ ಅನ್ನೋ ಲೋಹ

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಇವತ್ತು ಸದ್ದಿನಿಂದಲೇ ಶುರು ಮಾಡೋಣ.

ನಾನು ನಗರಗೆರೆಯವನು. ಚಿಕ್ಕವನಿದ್ದಾಗ ರಾಗಿ ಬೀಸಿಸೋಕೆ ಗಿರಣಿಗೆ ಹೋದ್ರೆ ಹಿಟ್ಟಿಗಿಂತ ಮೊದಲು ನಡುಕ ಬರ್ತಿತ್ತು. ಮೋಟಾರ್ ಆನ್ ಆದ ಕೂಡಲೇ ನೆಲ, ಗೋಡೆ, ತಗಡು ಎಲ್ಲ ಗಡಗಡ. ಬೋಲ್ಟ್ ಎಷ್ಟು ಬಿಗಿ ಮಾಡಿದ್ರೂ ಒಂದು ದಿನ ಬುಡದ್ದೇ ಮುರೀತು. ಕಂಪನ ಅಂದ್ರೆ ಬರೀ ಸದ್ದಲ್ಲ, ಅದು ಲೋಹವನ್ನ ನಿಧಾನಕ್ಕೆ ತಿನ್ನುತ್ತೆ. ಹಾಗಾದ್ರೆ ನಡುಕವನ್ನೇ ನುಂಗೋ ಲೋಹ ಇದೆಯಾ? ಇದೆ.

1959ರಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಅನ್ನೋ ಲೋಹತಜ್ಞರು ನಿಕಲ್ ಮತ್ತು ಟೈಟಾನಿಯಂ ಬೆರೆಸಿದ ಸರಳುಗಳನ್ನ ಕಾಂಕ್ರೀಟ್ ನೆಲಕ್ಕೆ ಬೀಳಿಸಿ ನೋಡಿದ್ರು. ಬಿಸಿ ಸರಳು ಗಂಟೆ ಥರ ಠಣ್ ಅಂತು. ತಣ್ಣಗಾದದ್ದು ಸೀಸದ ಥರ ದಪ್! ಲೋಹ ಒಂದೇ, ಸದ್ದು ಎರಡು. ಮುಂದೆ ನಿಟಿನಾಲ್ ಅಂತ ಹೆಸರಾದ, ಆಕಾರ ನೆನಪಿಡೋ ಲೋಹ ಇದೇ. ಬಗ್ಗಿಸಿ ಬಿಸಿ ಮಾಡಿದ್ರೆ ಹಳೇ ರೂಪಕ್ಕೆ ಮರಳುತ್ತೆ.

ದಪ್ ಯಾಕೆ? ತಣ್ಣಗಿರುವಾಗ ಪರಮಾಣುಗಳು ಮಾರ್ಟೆನ್ಸೈಟ್ ಅನ್ನೋ ಜೋಡಣೆಯಲ್ಲಿರುತ್ತವೆ. ಬೇರೆ ಬೇರೆ ದಿಕ್ಕಿಗೆ ವಾಲಿದ ತೆಳು ಪಟ್ಟಿಗಳು, ಒಂದರ ಪಕ್ಕ ಒಂದು. ನಡುಕ ಬಂದಾಗ ಪಟ್ಟಿಗಳ ನಡುವಿನ ಗೆರೆಗಳು ಆಚೀಚೆ ಸರಿಯುತ್ತವೆ. ಆ ತಿಕ್ಕಾಟದಲ್ಲಿ ಕಂಪನದ ಶಕ್ತಿ ಶಾಖವಾಗಿ ಹೋಗುತ್ತೆ.

ಈಗ ಮುಖ್ಯ ವಿಷಯ. ಲೋಹದ ತುಂಡು ಸಾಮಾನ್ಯವಾಗಿ ಒಂದೇ ಹರಳಲ್ಲ, ಒತ್ತಾಗಿ ಕೂತ ಹರಳುಗಳ ರಾಶಿ. ನಮ್ಮ ಹೊಲ ನೆನಪಿಸ್ಕೊಳ್ಳಿ. ಒಂದೊಂದು ಹರಳು ಒಂದೊಂದು ತುಂಡು ಹೊಲ, ನಡುವಿನ ಅಂಚು ಬದು, ಸರಿಯೋ ಗೆರೆ ನೇಗಿಲು. ಅಣ್ಣತಮ್ಮಂದಿರು ಹಂಚಿಕೊಂಡು ಗುಂಟೆ ಗುಂಟೆಯಾದ ಹೊಲದಲ್ಲಿ ನೇಗಿಲು ತಿರುಗಿಸೋದೇ ಕಷ್ಟ ಅಲ್ವಾ? ಹರಳು ಸಣ್ಣದಾದಷ್ಟೂ ಬದು ಹೆಚ್ಚು, ಗೆರೆ ಓಡೋಕೆ ಜಾಗ ಕಡಿಮೆ, ನಡುಕ ನುಂಗೋದೂ ಕಡಿಮೆ. ನಿಟಿನಾಲ್‌ನಲ್ಲಿ ಹರಳು ಸುಮಾರು 50 ನ್ಯಾನೋಮೀಟರ್‌ಗಿಂತ ಕಿರಿದಾದ್ರೆ, ತಣ್ಣಗೆ ಮಾಡಿದ್ರೂ ಮಾರ್ಟೆನ್ಸೈಟ್ ಹುಟ್ಟೋದೇ ಕಷ್ಟ.

ಹಾಗಂತ ಬದುಗಳನ್ನೆಲ್ಲ ಕಿತ್ತು ಹಾಕೋಣವಾ? ಅಲ್ಲೇ ಇರೋದು ಪೇಚು. ಬದು ಮಣ್ಣು ಹಿಡಿದಿಡೋ ಹಾಗೆ, ಹರಳಿನ ಬದು ಲೋಹದ ಬಲ ಹಿಡಿದಿಡುತ್ತೆ. ತಾಮ್ರ ಆಧಾರಿತ ನೆನಪಿನ ಲೋಹಗಳಲ್ಲಿ ಹರಳು ದಪ್ಪಗಾದ್ರೆ ಅಕ್ಕಪಕ್ಕದವು ಒಂದೊಂದು ದಿಕ್ಕಿಗೆ ಎಳೆದು, ಮೂರು ಹರಳು ಸೇರೋ ಮೂಲೆಯಲ್ಲಿ ಬಿರುಕು ಬಿಡುತ್ತೆ. ಒಂದು ಉಪಾಯ ಬಿದಿರಿನಲ್ಲಿದೆ. ತಂತಿಯಷ್ಟೇ ಅಗಲದ ಹರಳುಗಳನ್ನ ಗೆಣ್ಣಿನ ಹಾಗೆ ಒಂದರ ಮೇಲೊಂದು ಬೆಳೆಸೋದು. ಆಗ ಅಡ್ಡ ಬದು ಮಾತ್ರ, ಮೂಲೆಗಳೇ ಇಲ್ಲ.

ಇದೆಲ್ಲ ಯಾಕೆ ಬೇಕು? ನಮ್ಮ ಗೌರಿಬಿದನೂರಲ್ಲಿ 1965ರಿಂದ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಮಾಪಕಗಳು ದೂರದ ಭೂಮಿಯ ನಡುಕ ಆಲಿಸ್ತಿವೆ. ಆಲಿಸೋದು ಒಂದು, ತಾಳಿಕೊಳ್ಳೋದು ಇನ್ನೊಂದು. ಇಟಲಿಯ ಟ್ರಿನ್ಯಾನೋದಲ್ಲಿ ಸಾನ್ ಜಾರ್ಜೋ ಚರ್ಚಿನ ಗಂಟೆಗೋಪುರ 1996ರ ಭೂಕಂಪದಲ್ಲಿ ಹಾಳಾಗಿತ್ತು. ಆಮೇಲೆ ದುರಸ್ತಿ ಮಾಡುವಾಗ ನೆನಪಿನ ಲೋಹದ ಸಾಧನ ಕೂರಿಸಿದ್ರು. ಅಲ್ಲಿ ಎಳೆತ ಹೆಚ್ಚಿದಾಗ ಮಾರ್ಟೆನ್ಸೈಟ್ ಹುಟ್ಟುತ್ತೆ, ಇಳಿದಾಗ ಮಾಯವಾಗುತ್ತೆ. ಆ ಓಡಾಟದಲ್ಲೇ ಶಕ್ತಿ ಖರ್ಚಾಗುತ್ತೆ. 2000ದಲ್ಲಿ ಹೆಚ್ಚುಕಡಿಮೆ ಅಷ್ಟೇ ಜೋರಿನ ಭೂಕಂಪ ಬಂತು. ಗೋಪುರ ಅಲ್ಲಾಡಿತು, ಹಾಳಾಗಲಿಲ್ಲ.

ನಮ್ಮೂರ ಗಿರಣಿಗೆ ಈ ಲೋಹ ದುಬಾರಿ, ಸದ್ಯಕ್ಕೆ ರಬ್ಬರ್ ಪ್ಯಾಡೇ ಗತಿ. ಆದ್ರೆ ಯಾರಾದ್ರೂ ನಿಮ್ಮ ಹತ್ರ "ನಡುಕ ನುಂಗೋ ಲೋಹ" ಅಂದ್ರೆ, ಯಾವ ಲೋಹ ಅಂತ ಮಾತ್ರ ಕೇಳಬೇಡಿ. ಹರಳು ಎಷ್ಟು ದಪ್ಪ ಅಂತಲೂ ಕೇಳಿ. ಸಿಗೋಣ!