ವಿದ್ಯಾರ್ಥಿ ತಂಡಗಳ ಯೋಜನಾ ಕಾರ್ಯ: ಸಂಪರ್ಕ ಮತ್ತು ಅಂತರ್ಜಾಲ ಖಾಸಗಿತನದ ವಿಷಯದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು ಗಮನಿಸಬೇಕಾದ ಅಂಶಗಳು



ಶಾಲಾ ವಿದ್ಯಾರ್ಥಿಗಳು ತಂಡವಾಗಿ ತಮ್ಮ ಊರಿನ ಸಮಸ್ಯೆಯೊಂದನ್ನು ಅಧ್ಯಯನ ಮಾಡಿ ವರದಿ ಸಿದ್ಧಪಡಿಸುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. 1993ರಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭಗೊಂಡು, ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಮೂಲಕ ನಡೆದುಬಂದಿರುವ ಮಕ್ಕಳ ವಿಜ್ಞಾನ ಸಮಾವೇಶವು 10ರಿಂದ 17 ವರ್ಷದೊಳಗಿನ ಮಕ್ಕಳನ್ನು ಊರಿನ ನೀರು, ಮಣ್ಣು, ಬೆಳೆಗಳ ಅಧ್ಯಯನಕ್ಕೆ ತೊಡಗಿಸಿದೆ. ಮಕ್ಕಳ ಗ್ರಾಮಸಭೆಗೆ ಬರುವ ಬೇಡಿಕೆಗಳ ಹಿಂದೆಯೂ ಇಂತಹ ಮಾಹಿತಿ ಸಂಗ್ರಹವಿರುವುದುಂಟು. ಹಿಂದೆ ಈ ಮಾಹಿತಿಯು ನೋಟುಪುಸ್ತಕದಲ್ಲಿಯೂ ಶಾಲೆಯ ಬೀರುವಿನಲ್ಲಿಯೂ ಉಳಿಯುತ್ತಿತ್ತು. ಈಗ ಪ್ರಶ್ನಾವಳಿ ಗೂಗಲ್ ಫಾರ್ಮಿನಲ್ಲಿ, ಚರ್ಚೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಛಾಯಾಚಿತ್ರಗಳು ಯಾರದೋ ಮೊಬೈಲಿನಲ್ಲಿ ಇರುತ್ತವೆ. ತಂಡವನ್ನು ಮನೆಮನೆಗೆ ಪರಿಚಯಿಸುವವರು, ಗ್ರಂಥಾಲಯದ ಗಣಕಯಂತ್ರ ಒದಗಿಸುವವರು ಮತ್ತು ಕೊನೆಗೆ ವರದಿಯನ್ನು ಸ್ವೀಕರಿಸುವವರು ತಾವೇ ಆಗಿರುವುದರಿಂದ ಈ ವಿವರಣೆಯನ್ನು ತಮ್ಮ ಮುಂದಿಡಲಾಗಿದೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕಾಗಿದೆ. ವರದಿಯಿಂದ ಹೆಸರನ್ನು ತೆಗೆದುಹಾಕಿದರೆ ಖಾಸಗಿತನ ಉಳಿಯಿತೆಂದು ಹಲವರು ಭಾವಿಸುತ್ತಾರೆ. ಬೆಂಗಳೂರಿನ ಬಡಾವಣೆಯೊಂದರಲ್ಲಿ ಅದು ತಕ್ಕಮಟ್ಟಿಗೆ ನಿಜವಿರಬಹುದು. ಕೊಡಗಿನಲ್ಲಿ ನಿಜವಲ್ಲ. ಇಲ್ಲಿ ಮನೆಗಳು ತೋಟಗಳ ನಡುವೆ ಚದುರಿಕೊಂಡಿವೆ. ಮನೆಪೆದರನ್ನು ಹೇಳಿದರೆ ಇಡೀ ಒಕ್ಕ ತಿಳಿದುಬಿಡುತ್ತದೆ. ‘ಸೇತುವೆ ದಾಟಿದ ಮೇಲಿನ ತೋಟದ ಲೈನ್ ಮನೆ, ಆರು ಜನ, ಶಾಲೆ ಬಿಟ್ಟ ಬಾಲಕಿ ಒಬ್ಬಳು’ ಎಂಬ ಸಾಲಿನಲ್ಲಿ ಯಾವ ಹೆಸರೂ ಇಲ್ಲ. ಆದರೂ ಅದನ್ನು ಓದಿದ ಊರಿನವರಿಗೆ ಆ ಬಾಲಕಿ ಯಾರೆಂದು ಕೇಳಬೇಕಾಗಿಲ್ಲ.

ಆದಕಾರಣ ವರದಿ ಬರೆಯುವಾಗ ಮರೆಮಾಚುವುದಕ್ಕಿಂತ, ಪ್ರಶ್ನಾವಳಿ ಸಿದ್ಧವಾಗುವಾಗಲೇ ಬೇಡದ ಪ್ರಶ್ನೆಯನ್ನು ಕೈಬಿಡುವುದು ಸರಿಯಾದ ಕ್ರಮ. ಬಾವಿನೀರಿನ ಅಧ್ಯಯನಕ್ಕೆ ಬಾವಿಯ ಆಳ, ಬೇಸಗೆಯ ನೀರಿನ ಮಟ್ಟ, ಶೌಚಾಲಯದ ಗುಂಡಿಯಿಂದ ಇರುವ ದೂರ ಇವು ಬೇಕು. ಮನೆಯವರ ವರಮಾನ, ಜಾತಿ, ಕಾಯಿಲೆ, ಮದ್ಯಪಾನದ ಅಭ್ಯಾಸ ಬೇಡ. ಆಧಾರ್ ಸಂಖ್ಯೆಯಂತೂ ಯಾವ ವಿದ್ಯಾರ್ಥಿ ಯೋಜನೆಗೂ ಅಗತ್ಯವಿಲ್ಲ. ಮೇಲ್ನೋಟಕ್ಕೆ ಸಾಧುವಾಗಿ ಕಾಣುವ ‘ವರ್ಷದ ಯಾವ ತಿಂಗಳುಗಳಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ’ ಎಂಬಂತಹ ಪ್ರಶ್ನೆ ಎಲ್ಲಕ್ಕಿಂತ ಅಪಾಯಕರ. ಮಕ್ಕಳು ಹೊರ ಊರಿನಲ್ಲಿದ್ದು ವೃದ್ಧರು ಮಾತ್ರ ಉಳಿದಿರುವ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ನೆರೆಮನೆಯಿಲ್ಲದ ತೋಟದ ಮನೆಗಳ ಪಟ್ಟಿಯೊಂದು ಲಿಂಕ್ ಉಳ್ಳವರಿಗೆಲ್ಲ ತೆರೆದುಕೊಂಡರೆ, ಅದು ಯಾರ ಕೈಗೆ ಹೋಗಬಹುದೆಂಬುದನ್ನು ತಾವೇ ಊಹಿಸಬಹುದು.

ಮಳೆಯ ಲೆಕ್ಕದ ಉದಾಹರಣೆಯನ್ನೂ ನೋಡಬಹುದು. ನಮ್ಮ ಜಿಲ್ಲೆಯ ಕಾಫಿ ಬೆಳೆಗಾರರು ದಿನದಿನದ ಮಳೆಯನ್ನು ಅಳೆದು ಬರೆದಿಡುವ ರೂಢಿ ಹಳೆಯದು. ವಿದ್ಯಾರ್ಥಿಗಳಿಗೆ ಇದಕ್ಕಿಂತ ಉತ್ತಮ ಮಾಹಿತಿ ಮೂಲ ಸಿಗದು. ಆದರೆ ಅದೇ ಡೈರಿಯ ಪುಟದಲ್ಲಿ ಕೂಲಿಯ ಬಟವಾಡೆ, ಮುಂಗಡದ ಬಾಕಿ, ಸಾಲದ ಲೆಕ್ಕವೂ ಇರಬಹುದು. ಪುಟವನ್ನು ಮೊಬೈಲಿನಲ್ಲಿ ಸೆರೆಹಿಡಿದು ಗುಂಪಿಗೆ ಹಾಕುವುದರ ಬದಲು ಮಳೆಯ ಅಂಕಿಗಳನ್ನು ಮಾತ್ರ ಪ್ರತಿ ಮಾಡಿಕೊಳ್ಳುವಂತೆ ತಂಡಕ್ಕೆ ತಿಳಿಸುವುದು ಒಳಿತು.

ಛಾಯಾಚಿತ್ರಗಳಲ್ಲಿ ಕಾಣುವುದಕ್ಕಿಂತ ಹೆಚ್ಚಿನ ಮಾಹಿತಿ ಅಡಗಿರುತ್ತದೆ. ಕ್ಯಾಮೆರಾಕ್ಕೆ ಸ್ಥಳ ಗುರುತಿಸುವ ಅನುಮತಿ ನೀಡಿದ್ದರೆ, ಚಿತ್ರದ ಕಡತದಲ್ಲಿಯೇ ಅಕ್ಷಾಂಶ-ರೇಖಾಂಶಗಳು ಸೇರಿಕೊಳ್ಳುತ್ತವೆ. ಮೂಲ ಕಡತವನ್ನು ಹಂಚಿಕೊಂಡಾಗ ಅವೂ ಜೊತೆಗೆ ಹೋಗುತ್ತವೆ. ಚಿತ್ರ ತೆಗೆಯುವ ಮೊದಲು ಈ ಅನುಮತಿಯನ್ನು ನಿಲ್ಲಿಸಿಡಬೇಕು. ಹಾಡಿಗಳಲ್ಲಿ ಮತ್ತು ಲೈನ್ ಮನೆಗಳಲ್ಲಿ ಇನ್ನಷ್ಟು ಎಚ್ಚರಿಕೆ ಬೇಕು. ತೋಟದ ಮಾಲೀಕರೋ ಹಾಡಿಯ ಯಜಮಾನರೋ ಒಪ್ಪಿದರೆಂಬ ಮಾತ್ರಕ್ಕೆ ಅಲ್ಲಿನ ಕುಟುಂಬ ಒಪ್ಪಿದಂತಾಗುವುದಿಲ್ಲ. ‘ಬೇಡ’ ಎನ್ನುವ ಹಕ್ಕು ಆ ಮನೆಯವರದೇ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆಮಂದಿಯನ್ನು ಕಳೆದುಕೊಂಡವರ ಬಳಿಗೆ ಮಕ್ಕಳು ಪ್ರಶ್ನಾವಳಿ ಹಿಡಿದು ಹೋಗುವ ಮುನ್ನ ಸದಸ್ಯರೊಬ್ಬರು ತಾವೇ ಹೋಗಿ ಕೇಳಿ ಬರುವುದು ಸೌಜನ್ಯ.

ಇನ್ನು ತಂಡದೊಳಗಿನ ಸಂಪರ್ಕದ ವಿಷಯ. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿದ ಪ್ರತಿಯೊಬ್ಬರ ದೂರವಾಣಿ ಸಂಖ್ಯೆಯೂ ಉಳಿದವರಿಗೆ ಸಾಮಾನ್ಯವಾಗಿ ಕಾಣುತ್ತದೆ. ಸಮೀಕ್ಷೆಗೆ ಉತ್ತರಿಸಿದ ಹತ್ತಾರು ಮನೆಯವರನ್ನು ವಿದ್ಯಾರ್ಥಿಗಳ ಗುಂಪಿಗೇ ಸೇರಿಸಿದರೆ, ತಂಡದ ಬಾಲಕಿಯ ಸಂಖ್ಯೆಯನ್ನು ಅಪರಿಚಿತರಿಗೆಲ್ಲ ಹಂಚಿದಂತೆಯೇ ಸರಿ. ಹೊರಗಿನವರಿಗೆ ಮಾರ್ಗದರ್ಶಿ ಶಿಕ್ಷಕರ ಸಂಖ್ಯೆಯನ್ನು ಮಾತ್ರ ನೀಡಬೇಕು. ವಿದ್ಯಾರ್ಥಿಗಳ ಗುಂಪಿನಲ್ಲಿ ಶಿಕ್ಷಕರು ಇರಲೇಬೇಕು. ಮಕ್ಕಳ ಬದಲು ಪೋಷಕರ ಸಂಖ್ಯೆಗಳೇ ಇದ್ದರೆ ಇನ್ನೂ ಉತ್ತಮ. ಪಂಚಾಯಿತಿ ಸದಸ್ಯರು, ಎಷ್ಟೇ ಸದುದ್ದೇಶದಿಂದಾದರೂ, ವಿದ್ಯಾರ್ಥಿಗೆ ಪ್ರತ್ಯೇಕವಾಗಿ ಸಂದೇಶ ಕಳುಹಿಸದೆ ಶಿಕ್ಷಕರ ಮೂಲಕವೇ ವ್ಯವಹರಿಸುವುದು ಯೋಗ್ಯ. ಈ ಮಾತು ಕೆಲವರಿಗೆ ಅತಿಯೆನಿಸಬಹುದು. ಆದರೆ ಒಳ್ಳೆಯವರು ಈ ಕ್ರಮ ಪಾಲಿಸಿದರೆ ಮಾತ್ರ, ಪಾಲಿಸದವರು ಯಾರೆಂದು ಮಗುವಿಗೆ ಗುರುತು ಹತ್ತುತ್ತದೆ.

ಗೂಗಲ್ ಫಾರ್ಮ್ ಬಳಸುವಾಗ ಎರಡು ಕಡೆ ಗಮನವಿರಲಿ. ಉತ್ತರಗಳ ಸಾರಾಂಶವನ್ನು ಉತ್ತರಿಸಿದವರಿಗೆಲ್ಲ ತೋರಿಸುವ ಆಯ್ಕೆ ಮುಚ್ಚಿರಬೇಕು. ಉತ್ತರಗಳು ಸೇರುವ ಹಾಳೆಯು ಲಿಂಕ್ ಇದ್ದವರಿಗೆಲ್ಲ ತೆರೆದಿರಬಾರದು. ಗ್ರಾಮ ಪಂಚಾಯಿತಿ ಗ್ರಂಥಾಲಯ ಮತ್ತು ಅರಿವು ಕೇಂದ್ರದ ಗಣಕಯಂತ್ರದಲ್ಲಿ ಕೆಲಸ ಮಾಡಿದ ಮಕ್ಕಳು ತಮ್ಮ ಖಾತೆಯಿಂದ ಹೊರಬರದೆ ಎದ್ದುಹೋದರೆ, ಮುಂದೆ ಕುಳಿತವರಿಗೆ ಎಲ್ಲವೂ ಕಾಣುತ್ತದೆ. ಪ್ರತಿದಿನ ಮುಚ್ಚುವ ಮುನ್ನ ಇದನ್ನು ಪರಿಶೀಲಿಸುವಂತೆ ಗ್ರಂಥಪಾಲಕರಿಗೆ ಸೂಚಿಸಬಹುದು. ಮುಂಗಾರಿನಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಒಟ್ಟಿಗೆ ಕೈಕೊಡುವ ನಮ್ಮಲ್ಲಿ ಕಾಗದದ ಮೇಲೆಯೇ ಬರೆದುಕೊಂಡು ಬಳಿಕ ಗಣಕೀಕರಿಸುವುದು ಸಹಜ. ಆ ಕಾಗದಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಇದಕ್ಕೆಲ್ಲ ಕಾನೂನಿನ ಆಧಾರವಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ್ದ ಅರ್ಜಿಯಿಂದ ಮೊದಲ್ಗೊಂಡ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ತಂದೆತಾಯಿಯರ ಖಚಿತ ಒಪ್ಪಿಗೆಯನ್ನು ಬಯಸುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೊಳ್ಳುವಂತೆ ರೂಪಿತವಾಗಿವೆ. ಕಾಗದದಲ್ಲಿ ಸಂಗ್ರಹಿಸಿ ನಂತರ ಗಣಕೀಕರಿಸಿದ ಮಾಹಿತಿಯೂ ಕಾಯ್ದೆಯ ವ್ಯಾಪ್ತಿಗೆ ಒಳಪಡುತ್ತದೆ.

ಮಕ್ಕಳ ಗ್ರಾಮಸಭೆಯಲ್ಲಿ ತಂಡವು ವರದಿ ಮಂಡಿಸುವಾಗ ಅಧ್ಯಕ್ಷತೆ ವಹಿಸಿದವರ ಹೊಣೆ ದೊಡ್ಡದು. ಬಾಲ್ಯವಿವಾಹದ ಆತಂಕದಲ್ಲಿರುವ ಅಥವಾ ದೌರ್ಜನ್ಯಕ್ಕೊಳಗಾದ ಮಗುವಿನ ವಿಷಯ ಪ್ರಸ್ತಾಪವಾದರೆ, ಅದನ್ನು ಸಭೆಯ ಮುಂದೆ ಬೆಳೆಸದೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು. ಇಂತಹ ಮಗುವಿನ ಹೆಸರು, ವಿಳಾಸ, ಶಾಲೆಯ ವಿವರಗಳನ್ನು ಯಾವುದೇ ಸಂವಹನ ಮಾಧ್ಯಮದಲ್ಲಿ ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸಿದೆ. ಸಭೆಯ ಚಿತ್ರ ಮತ್ತು ನಡವಳಿಯ ಪ್ರತಿಯನ್ನು ಊರಿನ ಗುಂಪುಗಳಿಗೆ ಕಳುಹಿಸುವ ಉತ್ಸಾಹ ನಮ್ಮಲ್ಲಿ ಹೆಚ್ಚು; ಕಳುಹಿಸುವ ಮುನ್ನ ಒಮ್ಮೆ ಓದಿನೋಡುವುದು ಅಗತ್ಯ.

ಸಂಖ್ಯೆ ಅಥವಾ ಚಿತ್ರ ದುರ್ಬಳಕೆಯಾದ ಸಂಶಯ ಬಂದಲ್ಲಿ ಸಂದೇಶಗಳನ್ನು ಅಳಿಸದೆ, ಪರದೆಯ ಚಿತ್ರ ತೆಗೆದಿಟ್ಟುಕೊಂಡು ಸಮೀಪದ ಪೊಲೀಸ್ ಠಾಣೆಗೆ ದೂರು ನೀಡತಕ್ಕದ್ದು. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆಮಾಡತಕ್ಕದ್ದು. ಯಾವ ತೊಂದರೆಯೂ ಇಲ್ಲದೆ ಯೋಜನೆ ಮುಗಿದಲ್ಲಿ, ಅಂತಿಮ ವರದಿಯ ಒಂದು ಪ್ರತಿಯನ್ನು ಪಂಚಾಯಿತಿ ಗ್ರಂಥಾಲಯದಲ್ಲಿರಿಸಿ, ಮನೆವಾರು ಉತ್ತರಗಳನ್ನು ಅಳಿಸಿ, ಗುಂಪನ್ನು ಮುಚ್ಚಿರುವುದಾಗಿ ಮಾರ್ಗದರ್ಶಿ ಶಿಕ್ಷಕರಿಂದ ಲಿಖಿತ ಟಿಪ್ಪಣಿ ಪಡೆಯಬಹುದಾಗಿದೆ.