ಕಿವಿ ಸರಿಯಿದೆ, ನೋಯುತ್ತಿರುವುದು ದವಡೆ

ಶಿರಸಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಬಹಳ ದಿನದಿಂದ ಬಲಗಿವಿ ನೋವು. ಕಿವಿ ಡಾಕ್ಟರು ನೋಡಿ ಏನೂ ಇಲ್ಲ ಅಂದರು. ಊಟ ಮಾಡುವಾಗ, ಆಕಳಿಸುವಾಗ ಜಾಸ್ತಿ. ಬಾಯಿ ತೆರೆದರೆ ಟಕ್ ಅಂತ ಸದ್ದು ಬೇರೆ. ಆಪರೇಷನ್ ಬೇಕಾಗುತ್ತದೆಯೇ?"

ಉತ್ತರದ ಮುಕ್ಕಾಲು ಪಾಲು ಪ್ರಶ್ನೆಯಲ್ಲೇ ಇದೆ. ಅಗಿಯುವಾಗ, ಆಕಳಿಸುವಾಗ ಹೆಚ್ಚುವ ಕಿವಿನೋವು, ಕಿವಿಯಲ್ಲಿ ದೋಷವಿಲ್ಲದಿದ್ದರೆ, ಹೆಚ್ಚಾಗಿ ದವಡೆ ಕೀಲಿನದು ಅಥವಾ ಅದನ್ನು ಆಡಿಸುವ ಸ್ನಾಯುಗಳದು.

ತೋರುಬೆರಳನ್ನು ಕಿವಿಯ ಮುಂದೆ ಒತ್ತಿ ಇಟ್ಟುಕೊಂಡು ನಿಧಾನವಾಗಿ ಬಾಯಿ ತೆರೆಯಿರಿ. ಮೊದಲಿಗೆ ಕೆಳದವಡೆಯ ಗುಂಡುತಲೆ ಇದ್ದಲ್ಲೇ ತಿರುಗುತ್ತದೆ. ಹಲ್ಲುಗಳ ನಡುವೆ ಸುಮಾರು 2 ಸೆಂಟಿಮೀಟರ್ ಅಂತರವಾದ ಮೇಲೆ ಅದು ಬೆರಳಡಿಯಿಂದ ಮುಂದಕ್ಕೆ ಜಾರುತ್ತದೆ, ಇದ್ದ ಜಾಗದಲ್ಲಿ ಕುಳಿ ಬೀಳುತ್ತದೆ. ಮೊಣಕೈ ಕೀಲಿಗೆ ಹೀಗೆ ಜಾರಲು ಬಾರದು. ಗುಂಡುತಲೆಗೂ ಮೇಲಿನ ಗೂಡಿಗೂ ನಡುವೆ ನಾರಿನ ತೆಳು ಬಿಲ್ಲೆಯೊಂದಿದೆ. ಅದೂ ಜೊತೆಜೊತೆಗೇ ಜಾರಬೇಕು. ಬಿಲ್ಲೆ ತುಸು ಮುಂದೆ ಸರಿದಿದ್ದರೆ ಮೂಳೆ ಅದರ ಅಂಚನ್ನು ಹತ್ತಿ ಕೂರುವಾಗ ಟಕ್ ಎನ್ನುತ್ತದೆ. ಎಷ್ಟೋ ಜನರ ದವಡೆ ಹೀಗೆ ಸದ್ದು ಮಾಡುತ್ತದೆ. ನೋವಿಲ್ಲದೆ, ಬಾಯಿ ಪೂರ್ತಿ ತೆರೆಯುವಂತಿದ್ದರೆ ಆ ಸದ್ದಿಗೆ ಯಾವ ಚಿಕಿತ್ಸೆಯೂ ಬೇಡ.

ನೋವು ಕಿವಿಯಲ್ಲಿ ಕಾಣಿಸುವುದಕ್ಕೆ ಕಾರಣ ಒಂದು ನರ. ಕೀಲಿನಿಂದಲೂ ಕಿವಿನಾಳದ ಮುಂಗೋಡೆಯಿಂದಲೂ ಸುದ್ದಿ ಒಯ್ಯುವುದು ಅದೇ ಆರಿಕ್ಯುಲೋಟೆಂಪೊರಲ್ ನರ. ನೋವು ಎಲ್ಲಿಯದೆಂದು ಮಿದುಳಿಗೆ ಸರಿಯಾಗಿ ಗುರುತು ಸಿಗುವುದಿಲ್ಲ.

ಈ ಎರಡು ಅಂಗಗಳಿಗೆ ಇನ್ನೂ ಹಳೆಯದೊಂದು ನಂಟಿದೆ. ನೋವಿಗೆ ಅದು ಕಾರಣವಲ್ಲ, ಆದರೂ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಮ್ಮ ನಡುಗಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟಾಣಿ ಮೂಳೆಗಳಿವೆಯಲ್ಲ, ಮೊದಲಿನೆರಡು ನಮ್ಮ ದೂರದ ಪೂರ್ವಜರಲ್ಲಿ ದವಡೆಯ ಕೀಲೇ ಆಗಿದ್ದವು! ಗೋಡೆಯ ಮೇಲಿನ ಹಲ್ಲಿ ಇವತ್ತಿಗೂ ಅದೇ ಹಳೆಯ ಕೀಲಿನಿಂದ ನೊಣ ಹಿಡಿಯುತ್ತದೆ. 1837ರಲ್ಲಿ ಜರ್ಮನಿಯ ಕಾರ್ಲ್ ರೈಕರ್ಟ್ ಭ್ರೂಣಗಳ ಬೆಳವಣಿಗೆ ನೋಡಿ ಈ ನಂಟನ್ನು ಗುರುತಿಸಿದರು. ಸುಮಾರು 20 ಕೋಟಿ ವರ್ಷ ಹಿಂದಿನ ಮಾರ್ಗನುಕೊಡಾನ್ ಎಂಬ ಇಲಿಯಷ್ಟಿದ್ದ ಪ್ರಾಣಿಯ ಪಳೆಯುಳಿಕೆಯಲ್ಲಿ ಹಳೆಯ ಕೀಲು, ಹೊಸ ಕೀಲು ಎರಡೂ ಅಕ್ಕಪಕ್ಕದಲ್ಲಿವೆ. 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇನ್ನೊಂದು ಸುದ್ದಿ ಬಂತು. ಬ್ರೆಜಿಲ್‌ನ ರಿಯೊಗ್ರಾಂಡಿಯ ಎಂಬ ಪ್ರಾಣಿಯಲ್ಲಿ ಹೊಸ ಬಗೆಯ ಕೀಲು ನಾವು ತಿಳಿದದ್ದಕ್ಕಿಂತ 1 ಕೋಟಿ 70 ಲಕ್ಷ ವರ್ಷ ಮೊದಲೇ ಇತ್ತು. ಸಸ್ತನಿಗಳಿಗೆ ಅದಕ್ಕಿಂತ ಹತ್ತಿರದ ಬಳಗವಾದ ಬ್ರೆಸಿಲೊಡಾನ್‌ನಲ್ಲಿ ಮಾತ್ರ ಇರಲಿಲ್ಲ. ಅಂದರೆ ನಾವು ರೊಟ್ಟಿ ಅಗಿಯುವ ಈ ಬಗೆಯ ಕೀಲು ಜೀವವಿಕಾಸದಲ್ಲಿ ಒಂದಕ್ಕಿಂತ ಹೆಚ್ಚು ಸಲ ಹುಟ್ಟಿದೆ.

ಇಷ್ಟು ಸೊಗಸಾದ ಅಂಗಕ್ಕೆ ನಾವು ಮಾಡುವ ಉಪಚಾರವೇನು? ಕಿವಿ ನೋವೆಂದ ಕೂಡಲೇ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದು. ಓದಿದವರ ಮನೆಗಳಲ್ಲೂ ಇದನ್ನು ನೋಡಿದ್ದೇನೆ. ದಯವಿಟ್ಟು ಬಿಡಿ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ನೇರ ನಡುಗಿವಿಗೆ ಇಳಿಯುತ್ತದೆ. ನಾಳದೊಳಗೆ ಬೂಷ್ಟು ಬೆಳೆಯಲೂ ಅದು ದಾರಿ. ಹಿರಿಯರ ಮದ್ದಿನಲ್ಲಿ ಬಿಸಿ ಎಂಬುದು ಸರಿಯಿತ್ತು, ಜಾಗ ತಪ್ಪಿತ್ತು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆನ್ನೆಗೆ, ಕಿವಿಯ ಮುಂದಕ್ಕೆ ಹತ್ತು ಹದಿನೈದು ನಿಮಿಷ ಕಾವು ಕೊಟ್ಟರೆ ಬಿಗಿದ ಸ್ನಾಯು ಸಡಿಲವಾಗುತ್ತದೆ.

ಇಂಥ ನೋವು ಬಹಳಷ್ಟು ಜನರಲ್ಲಿ ಸರಳ ಆರೈಕೆಯಿಂದಲೇ ತಗ್ಗುತ್ತದೆ. ಕೆಲವು ವಾರ ಚಕ್ಕುಲಿ, ಕಬ್ಬು, ಅಡಿಕೆ ದೂರವಿಡಿ. ಮೆತ್ತಗಿನ ಅನ್ನ ಸಾರು ಸಾಕು. ಅಗಿಯದೆ ನುಂಗುವ ರಾಗಿಮುದ್ದೆಯಂತೂ ಇದಕ್ಕೆ ಹೇಳಿ ಮಾಡಿಸಿದ ಊಟ. ಆಕಳಿಕೆ ಬಂದರೆ ಗದ್ದಕ್ಕೆ ಕೈ ಆನಿಸಿ. ಎಲ್ಲಕ್ಕಿಂತ ಮುಖ್ಯ, ಸುಮ್ಮನಿದ್ದಾಗ ಮೇಲಿನ ಕೆಳಗಿನ ಹಲ್ಲು ತಾಗಬಾರದು. ಬೈಕ್ ಓಡಿಸುವಾಗ, ಮೊಬೈಲ್ ನೋಡುವಾಗ ನಿಮ್ಮ ಹಲ್ಲು ಹೇಗಿವೆ ಎಂದು ಗಮನಿಸಿ. ಎಷ್ಟು ಜನ ಹಗಲೆಲ್ಲ ಹಲ್ಲು ಕಚ್ಚಿಕೊಂಡೇ ಇರುತ್ತಾರೆಂದು ಗೊತ್ತಾಗುತ್ತದೆ. 'ನ' ಎನ್ನುವಾಗ ನಾಲಿಗೆ ನಿಲ್ಲುವಲ್ಲೇ ಅದನ್ನು ನಿಲ್ಲಿಸಿ ತುಟಿ ಮುಚ್ಚಿದರೆ ದವಡೆ ತಾನಾಗಿ ಇಳಿಬೀಳುತ್ತದೆ.

ಮೂರು ತಿಂಗಳು ಮೀರಿದ ನೋವಿಗೆ 2023ರಲ್ಲಿ 'ಬಿಎಂಜೆ' ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಮಾರ್ಗಸೂಚಿ ಬಲವಾಗಿ ಶಿಫಾರಸು ಮಾಡಿದ್ದು ಇಂಥವನ್ನೇ: ಫಿಸಿಯೋಥೆರಪಿಯವರು ಹೇಳಿಕೊಡುವ ದವಡೆ ವ್ಯಾಯಾಮ, ಕೈಯಿಂದ ಮಾಡುವ ಉಪಚಾರ, ನೋವಿನ ಜೊತೆಗಿನ ಆತಂಕ ತಗ್ಗಿಸುವ ಮನಶ್ಶಾಸ್ತ್ರೀಯ ತರಬೇತಿ. ಬೊಟಾಕ್ಸ್ ಚುಚ್ಚುಮದ್ದು, ಲೇಸರ್ ಇತ್ಯಾದಿಗೆ ಅಂಥ ಬೆಂಬಲ ಸಿಕ್ಕಿಲ್ಲ. ರಾತ್ರಿ ಹಲ್ಲಿಗೆ ತೊಡಿಸುವ ನೈಟ್ ಗಾರ್ಡ್ ನಿದ್ದೆಯಲ್ಲಿ ಹಲ್ಲು ಸವೆಯದಂತೆ ಕಾಯುತ್ತದೆ, ಅಷ್ಟೆ. ನೋವಿಗೆ ಅದೇ ಮದ್ದೆಂದು ನಂಬಬೇಡಿ. ಬಿಲ್ಲೆಯನ್ನೇ ಕತ್ತರಿಸಿ ತೆಗೆಯುವ ಶಸ್ತ್ರಕ್ರಿಯೆ ಬೇಡವೆಂದು ಮಾರ್ಗಸೂಚಿ ಖಡಾಖಂಡಿತ ಹೇಳಿದೆ.

ಆ ಖಡಾಖಂಡಿತಕ್ಕೆ ಹಿನ್ನೆಲೆಯಿದೆ. 1980ರ ದಶಕದಲ್ಲಿ ಅಮೆರಿಕದ ವೈಟೆಕ್ ಕಂಪನಿ ಬಿಲ್ಲೆಯ ಬದಲಿಗೆ ಪ್ರೊಪ್ಲಾಸ್ಟ್-ಟೆಫ್ಲಾನ್ ಹಾಳೆ ಮಾರಿತು. ಅಗಿತದ ಒತ್ತಡಕ್ಕೆ ಹಾಳೆ ಪುಡಿಯಾಯಿತು. ಆ ಕಣಗಳನ್ನು ನುಂಗಲು ಬಂದ ದೇಹದ ಕೋಶಗಳು ಸುತ್ತಲಿನ ಮೂಳೆಯನ್ನೇ ಕರಗಿಸಿದವು. 1991ರ ಹೊತ್ತಿಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅದನ್ನು ಹಿಂತೆಗೆಸುವಷ್ಟರಲ್ಲಿ, ಮೊದಲಿಗಿಂತ ಹೆಚ್ಚು ನೋವು ತಿನ್ನುವ ರೋಗಿಗಳು ಅಲ್ಲಿ ತುಂಬಾ ಇದ್ದರು.

ಬಾಯಿಗೆ ನಿಮ್ಮದೇ ಮೂರು ಬೆರಳು ಲಂಬವಾಗಿ ಹಿಡಿಸದಿದ್ದರೆ, ದವಡೆ ಸಿಕ್ಕಿಕೊಂಡರೆ, ಕೆನ್ನೆ ಊದಿ ಜ್ವರ ಬಂದರೆ ಕಾಯುತ್ತ ಕೂರಬೇಡಿ. ಡೆಂಟಲ್ ಕಾಲೇಜುಗಳ ಓರಲ್ ಮೆಡಿಸಿನ್ ವಿಭಾಗಕ್ಕೆ ಹೋಗಿ. ಗುಟ್ಕಾ, ಅಡಿಕೆ ಜಗಿಯುವವರಿಗೆ ಖಾರ ತಾಗಿದರೆ ಬಾಯಿ ಉರಿದು, ದಿನೇದಿನೇ ಬಾಯಿ ಚಿಕ್ಕದಾಗುತ್ತಿದ್ದರೆ ಅದು ಕೀಲಿನ ತೊಂದರೆ ಆಗಿರಲಾರದು. ಒಳಗೆನ್ನೆಯ ಪೊರೆ ಗಟ್ಟಿಯಾಗುತ್ತಿರುವ ಲಕ್ಷಣವದು. ಮುಂದೆ ಕ್ಯಾನ್ಸರಿಗೂ ತಿರುಗಬಹುದು. ಅವರು ಇದೇ ವಾರ ತೋರಿಸಿಕೊಳ್ಳಬೇಕು.